ಸರಿಗಟ್ಟುವ ಬೆಳವಣಿಗೆ ಅಂದರೆ ಏನು?

ಹಿಂದೆ ಉಳಿದ ದೇಶವೊಂದು ಶ್ರೀಮಂತ ದೇಶಗಳಿಗಿಂತ ಬೇಗ ಬೆಳೆದು, ನಡುವಿನ ಅಂತರ ತಗ್ಗಿಸಿಕೊಳ್ಳುತ್ತಾ ಹೋಗುವುದನ್ನು ಅರ್ಥಶಾಸ್ತ್ರದಲ್ಲಿ 'ಕ್ಯಾಚ್-ಅಪ್ ಗ್ರೋತ್' ಅನ್ನುತ್ತಾರೆ. ಕನ್ನಡದಲ್ಲಿ ಸರಿಗಟ್ಟುವ ಬೆಳವಣಿಗೆ ಎನ್ನಬಹುದು.

ಮುಂದಿರುವವರು ಹೊಸದನ್ನು ತಾವೇ ಕಂಡುಹಿಡಿಯಬೇಕು. ಹಿಂದಿರುವವರಿಗೆ ಆ ಕಷ್ಟ ಇಲ್ಲ. ಇರುವ ಯಂತ್ರ ಕೊಂಡು, ಇರುವ ವಿದ್ಯೆ ಕಲಿತರೆ ಆಯಿತು. ವರ್ಷಕ್ಕೆ ಶೇ. 2ರಂತೆ ಬೆಳೆದರೆ ಆದಾಯ ಎರಡು ಪಟ್ಟಾಗಲು 35 ವರ್ಷ ಬೇಕು. ಶೇ. 7 ಆದರೆ ಹತ್ತೇ ವರ್ಷ ಸಾಕು.

ಆದರೆ ಯಂತ್ರ ಕೊಳ್ಳಲು ಡಾಲರ್ ಬೇಕು ಅಲ್ವಾ? ವ್ಯಾಪಾರದ ಮಾತು ಬರುವುದು ಇಲ್ಲೇ. 1960ರ ದಶಕದ ದಕ್ಷಿಣ ಕೊರಿಯಾ ನಮ್ಮ ಹಾಗೇ ಬಡವರ ಸಾಲಿನಲ್ಲಿದ್ದ ದೇಶ. ಮಾರಲು ಹೆಚ್ಚೇನೂ ಇರಲಿಲ್ಲ. ಅವರು ತಲೆಗೂದಲು ಮಾರಿದರು! ಬೀದಿ ವ್ಯಾಪಾರಿಗಳು ಮನೆಮನೆಯಿಂದ ಹೆಂಗಸರ ಕೂದಲು ಕೊಂಡು ತರುತ್ತಿದ್ದರು. ಕಾರ್ಖಾನೆಗಳಲ್ಲಿ ಹುಡುಗಿಯರು ಅದನ್ನು ಎಳೆ ಎಳೆಯಾಗಿ ಹೆಣೆದು ವಿಗ್ ಮಾಡುತ್ತಿದ್ದರು. ಅದು ಅಮೆರಿಕಕ್ಕೆ ಹಡಗೇರುತ್ತಿತ್ತು. 1964ರಲ್ಲಿ ಕೊರಿಯಾದ ರಫ್ತು 10 ಕೋಟಿ ಡಾಲರ್ ಮುಟ್ಟಿತು. 1977ಕ್ಕೆ ಅದು 1,000 ಕೋಟಿ.

ನನಗೆ ಮುಖ್ಯ ಅನಿಸುವುದು ಆಮೇಲಿನ ಹೆಜ್ಜೆ. ಅವರು ವಿಗ್‌ಗೇ ನಿಲ್ಲಲಿಲ್ಲ. 1972ರಲ್ಲಿ ಉಲ್ಸಾನ್ ಕಡಲತೀರದಲ್ಲಿ ಹ್ಯುಂಡೈ ಹಡಗುಕಟ್ಟೆಯ ಕೆಲಸ ಶುರುವಾಯಿತು. ಒಂದು ಕಡೆ ಕಟ್ಟೆ ಏಳುತ್ತಿತ್ತು, ಇನ್ನೊಂದು ಕಡೆ ಅದರೊಳಗೇ ದೈತ್ಯ ತೈಲ ಹಡಗುಗಳ ಕೆಲಸ ನಡೆದಿತ್ತು. ಹೊರಗಿನ ಗಿರಾಕಿ ಸುಮ್ನೆ ಕೊಳ್ಳುವುದಿಲ್ಲ. ಗುಣಮಟ್ಟ ಕೇಳುತ್ತಾನೆ, ಹೇಳಿದ ದಿನಕ್ಕೆ ಸರಕು ಕೇಳುತ್ತಾನೆ. ಆ ಒತ್ತಡವೇ ಕಲಿಸಿತು.

ಈ ಓಟಕ್ಕೆ ದುಡಿದವರು ತೆತ್ತ ಬೆಲೆ ಬಹಳ ಜಾಸ್ತಿ. ಬಟ್ಟೆ ಹೊಲಿಯುವ ಹುಡುಗಿಯರ ಪಾಡು ನೋಡಲಾರದೆ ರಾಜಧಾನಿ ಸೋಲ್‌ನ 22 ವರ್ಷದ ಕೆಲಸಗಾರ ಜಿಯಾನ್ ತೇ-ಇಲ್ 1970ರಲ್ಲಿ ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟ. ಬೆಳವಣಿಗೆಯ ಲೆಕ್ಕ ಹೇಳುವಾಗ ಅವನ ಹೆಸರು ಬಿಡಬಾರದು.

ಸರಿಗಟ್ಟುವುದು ತಾನಾಗೇ ಆಗುವ ಕೆಲಸವೂ ಅಲ್ಲ. ಎಷ್ಟೋ ದೇಶಗಳು ಅರ್ಧ ದಾರಿಯಲ್ಲೇ ನಿಂತಿವೆ. ಅದಕ್ಕೆ 'ಮಧ್ಯಮ ಆದಾಯದ ಬಲೆ' ಎಂಬ ಹೆಸರೇ ಇದೆ.

ನಮ್ಮ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲೂ ಕೂದಲಿನದೇ ವ್ಯಾಪಾರ. ಹೆಂಗಸರು ಸಿಕ್ಕು ಬಿಡಿಸಿ, ಉದ್ದ ನೋಡಿ ಬೇರ್ಪಡಿಸಿ ಕಟ್ಟು ಕಟ್ಟುತ್ತಾರೆ. ಕಚ್ಚಾ ಕೂದಲು ಹಾಗೇ ಹೊರಗೆ ಹೋಗದಿರಲಿ ಎಂದು 2022ರಲ್ಲಿ ಕೇಂದ್ರ ಸರ್ಕಾರ ಅದರ ರಫ್ತಿಗೆ ನಿರ್ಬಂಧ ಹಾಕಿತು. ಆ ಕಟ್ಟುಗಳು ಅಲ್ಲೇ ವಿಗ್ ಆಗಬೇಕು, ಆ ಕೈಗಳಿಗೆ ಮುಂದಿನ ಕಸುಬೂ ಸಿಗಬೇಕು.