ದೊಡ್ಡಿ: ಹಿಡಿದು ಕೂಡಿದ ದನದ ಹೊಣೆ ಯಾರದು?

ಮಂಡ್ಯ ಜಿಲ್ಲೆಯ ಕೆ.ಎಂ. ದೊಡ್ಡಿಯ ಪೂರ್ತಿ ಹೆಸರು ಕಾಳಮುದ್ದನದೊಡ್ಡಿ. ಕನಕಪುರ, ರಾಮನಗರದ ಸುತ್ತ ಹೀಗೆ ದೊಡ್ಡಿ ಎಂದು ಕೊನೆಯಾಗುವ ಊರುಗಳು ಬೇಕಾದಷ್ಟಿವೆ. ದೊಡ್ಡಿ ಎಂದರೆ ದನಗಳನ್ನು ಕೂಡಲು ಬೇಲಿ ಹಾಕಿದ ಜಾಗ. ಕೊಟ್ಟಿಗೆ ಮನೆಗೆ ಅಂಟಿಕೊಂಡಿರುತ್ತದೆ, ದೊಡ್ಡಿ ಬಯಲಿನಲ್ಲಿರುತ್ತದೆ. ಕುರಿಗಾದರೆ ಅದು ರೊಪ್ಪ.

ಆದರೆ 'ನಿನ್ನ ದನವನ್ನು ದೊಡ್ಡಿಗೆ ಹೊಡೆಯುತ್ತೇನೆ' ಎಂದು ಹೊಲದವನು ಗದರಿದಾಗ ಆ ಮಾತಿನ ಅರ್ಥವೇ ಬೇರೆ. ಪೈರಿಗೆ ಬಾಯಿ ಹಾಕಿದ ದನವನ್ನು ದಂಡ ಕಟ್ಟುವವರೆಗೆ ಕೂಡಿಹಾಕುವ ಸರ್ಕಾರಿ ಸೆರೆಮನೆ ಅದು. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಕೊಂಡವಾಡ ಎನ್ನುತ್ತಾರೆ. ಬ್ರಿಟಿಷರು 1871ರಲ್ಲಿ ಇದಕ್ಕೊಂದು ಕಾಯ್ದೆ ಮಾಡಿದರು. ಕರ್ನಾಟಕ 1966ರಲ್ಲಿ ತನ್ನದೇ ಕಾಯ್ದೆ ತಂದಿತು. ಹಳೆಯ ಕಾಯ್ದೆಯ ಪ್ರಕಾರ ಏಳು ದಿನದೊಳಗೆ ಒಡೆಯ ಬಾರದಿದ್ದರೆ ಪೊಲೀಸರಿಗೆ ತಿಳಿಸಿ ಡಂಗುರ ಸಾರಬೇಕು. ಮತ್ತೆ ಏಳು ದಿನ ಕಾದರೂ ಯಾರೂ ಬಾರದಿದ್ದರೆ ಹರಾಜು. (ಆ ಕಾಯ್ದೆಯ 'ದನ' ಎಂಬ ಮಾತಿನೊಳಗೆ ಒಂಟೆಯೂ ಆನೆಯೂ ಸೇರಿವೆ. ಆನೆಯನ್ನು ದೊಡ್ಡಿಗೆ ಹೊಡೆದುಕೊಂಡು ಬರುವ ಧೈರ್ಯ ಯಾರಿಗಿತ್ತೋ!) ದಂಡ ವಸೂಲಿಗೆಂದೇ ಹುಟ್ಟಿದ ಈ ಕಾಯ್ದೆಯೂ ಒಂದು ಮಾತನ್ನು ಮರೆತಿರಲಿಲ್ಲ: ದೊಡ್ಡಿಯಲ್ಲಿರುವಷ್ಟು ದಿನ ಮೇವು, ನೀರು ಕೊಡುವ ಹೊಣೆ ದೊಡ್ಡಿ ನೋಡಿಕೊಳ್ಳುವವನದು.

ಮೇವು, ನೀರು ಕೊಟ್ಟರೆ ಸಾಕೇ? ಬ್ರಿಟನ್ನಿನ ಬ್ರಾಂಬೆಲ್ ಸಮಿತಿ 1965ರಲ್ಲಿ ಸಾಕುಪ್ರಾಣಿಗೆ ಕನಿಷ್ಠ ಏನಿರಬೇಕೆಂದು ಬರೆಯಿತು: ಎದ್ದು ನಿಲ್ಲಲು, ಮಲಗಲು, ಸುತ್ತ ತಿರುಗಲು, ಮೈ ನೆಕ್ಕಿಕೊಳ್ಳಲು, ಕಾಲು ಚಾಚಲು ಜಾಗ. ಇದೇ ಮುಂದೆ ಹಸಿವು, ನೋವು, ಭಯ ಮೊದಲಾದವನ್ನೂ ಒಳಗೊಂಡು 'ಐದು ಸ್ವಾತಂತ್ರ್ಯಗಳು' ಎಂದು ಹೆಸರಾಯಿತು. ನಮ್ಮಲ್ಲಿ ಪಶುಪಾಲನೆಯ ಪಾಠಗಳು ಹೇಳುವ ಲೆಕ್ಕ, ಒಂದು ಹಸುವಿಗೆ ಸೂರಿನಡಿ 3.5 ಚದರ ಮೀಟರ್, ತೆರೆದ ಅಂಗಳದಲ್ಲಿ 7 ಚದರ ಮೀಟರ್.

ಈ ಲೆಕ್ಕ ಕಾಯಂ ಕೊಟ್ಟಿಗೆಗೆ, ದೊಡ್ಡಿಗೆ ಬೇಡ ಎನ್ನುವವರಿದ್ದಾರೆ. 'ಎರಡು ದಿನದ ಮಾತು ತಾನೆ' ಎಂಬುದು ಅವರ ವಾದ. ನನಗೆ ಇದು ತಲೆಕೆಳಗಾದ ವಾದವಾಗಿ ಕಾಣುತ್ತದೆ. ಮನೆಯ ಕೊಟ್ಟಿಗೆಯಲ್ಲಿ ಯಾವುದು ಹಾಯುತ್ತದೆ, ಯಾವುದು ಹೆದರುತ್ತದೆ ಎಂಬುದು ಗೊತ್ತಿರುತ್ತದೆ. ದೊಡ್ಡಿಗೆ ಬರುವುದು ನಾಲ್ಕು ಬೀದಿಯ ದನ. ಗುರುತಿಲ್ಲದ ಹಿಂಡಿನಲ್ಲಿ ಮೊದಲು ಕೊಂಬಿನ ಜಗಳ. ಇಕ್ಕಟ್ಟಾಗಿದ್ದರೆ ಸೋತದ್ದಕ್ಕೆ ಸರಿಯಲು ಜಾಗವಿಲ್ಲ, ಬಾನಿ ಒಂದೇ ಆದರೆ ಅದಕ್ಕೆ ನೀರೂ ಇಲ್ಲ. ಕಾಲುಬಾಯಿ ಜ್ವರವೋ ಚರ್ಮಗಂಟು ರೋಗವೋ ಒಂದಕ್ಕಿದ್ದರೆ ಉಳಿದವುಗಳಿಗೂ ಹರಡಬಹುದು. ಹಾಗಾಗಿ ಬಂದ ದನವನ್ನು ಬೇರೆ ಕಟ್ಟಿ ನೋಡಲು ಒಂದು ಮೂಲೆ ಬೇಕೇ ಬೇಕು. ಎಲ್ಲರೂ ಮರೆಯುವುದು ಕರೆಯುವ ಹಸುವನ್ನು. ಕರು ಮನೆಯಲ್ಲಿ, ತಾಯಿ ದೊಡ್ಡಿಯಲ್ಲಿ. ಹಾಲು ಕರೆಯುವವರಿಲ್ಲದೆ ಒಂದು ದಿನ ಕಳೆದರೆ ಕೆಚ್ಚಲು ಬಿಗಿದು ನೋಯುತ್ತದೆ, ಕೆಚ್ಚಲು ಬಾವಿಗೂ ದಾರಿಯಾಗುತ್ತದೆ.

ಕೇಸಿನಲ್ಲಿ ವಶವಾದ ಪ್ರಾಣಿಗಳಿಗೆ 2017ರಲ್ಲಿ ಪ್ರತ್ಯೇಕ ನಿಯಮಗಳು ಬಂದವು. ಅವುಗಳನ್ನು ಗೋಶಾಲೆಗೋ, ಮುದಿ, ರೋಗಿ ಪ್ರಾಣಿಗಳನ್ನು ಸಾಕುವ ಪಿಂಜರಾಪೋಲಿಗೋ ಒಪ್ಪಿಸಿ, ಸಾಗಣೆ, ಸಾಕಣೆ, ಚಿಕಿತ್ಸೆಯ ವೆಚ್ಚವನ್ನು ಒಡೆಯನಿಂದ ವಸೂಲು ಮಾಡಲು ಅಲ್ಲಿ ಅವಕಾಶವಿದೆ. ಮೈ ಆಡಿಸಲು ಜಾಗವಿಲ್ಲದ ಕಡೆ ಪ್ರಾಣಿಯನ್ನು ಕೂಡಿಹಾಕುವುದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೇ ಅಪರಾಧ ಎಂದಿದೆ. ಮೊದಲ ಸಲದ ತಪ್ಪಿಗೆ ಅದು ಗೊತ್ತುಮಾಡಿದ ದಂಡ 10ರಿಂದ 50 ರೂಪಾಯಿ. ಒಂದು ಹಸುವಿನ ಒಂದು ದಿನದ ಮೇವಿಗೂ ಅದು ಸಾಲದು.