ಬಾಳೆಹಣ್ಣು, ಅನ್ನ ಮತ್ತು ಗೇಟಿನ ಬಳಿಯ ನಾಯಿ

ಕಳೆದ ತಿಂಗಳು ನನ್ನ ಕ್ಲಿನಿಕ್‌ಗೆ ಆರು ವರ್ಷದ ಲ್ಯಾಬ್ರಡಾರ್ ಬಂದಿತ್ತು. ಗೇಟಿನ ಹತ್ತಿರ ಯಾರೇ ಬರಲಿ, ಕುತ್ತಿಗೆಯ ಕೂದಲು ನಿಗುರಿಸಿ ಗುರ್ ಅನ್ನುತ್ತದಂತೆ. "ಸಿರೊಟೋನಿನ್ ಜಾಸ್ತಿಯಾಗಲಿ ಅಂತ ದಿನಾ ಬಾಳೆಹಣ್ಣು ಕೊಡ್ತಿದ್ದೀನಿ ಡಾಕ್ಟ್ರೇ" ಎಂದರು ಮನೆಯವರು.

ಸಿರೊಟೋನಿನ್ ಅಂದರೆ ಮಿದುಳಿನಲ್ಲಿ ಸಿಟ್ಟು, ಮನಸ್ಥಿತಿಯನ್ನು ಹತೋಟಿಯಲ್ಲಿಡಲು ನೆರವಾಗುವ ರಾಸಾಯನಿಕ. ಬಾಳೆಹಣ್ಣಿನಲ್ಲಿ ಅದು ಇರುವುದು ನಿಜ. ಆದರೆ ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಮಿದುಳು ತನ್ನ ಪಾಲಿನದನ್ನು ತಾನೇ ತಯಾರಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಕಚ್ಚಾ ಸಾಮಾನು ಟ್ರಿಪ್ಟೊಫಾನ್, ಪ್ರೋಟೀನಿನ ಒಂದು ಘಟಕ. ಮಾಂಸ, ಮೊಟ್ಟೆ, ಹಾಲಿನಲ್ಲಿ ಅದು ಸಿಗುತ್ತದೆ.

ಹಾಗಾದರೆ ಮಾಂಸ ಜಾಸ್ತಿ ಹಾಕಿದರೆ ಆಯ್ತು, ಅಲ್ವಾ? ಇಲ್ಲ. ಮಿದುಳಿನ ಬಾಗಿಲು ಹಬ್ಬದ ಹಿಂದಿನ ದಿನದ ಬಸ್ಸಿನ ಬಾಗಿಲಿದ್ದಂತೆ. ಪ್ರೋಟೀನಿನ ಬೇರೆ ಘಟಕಗಳಾದ ಲ್ಯೂಸಿನ್, ವ್ಯಾಲಿನ್, ಟೈರೊಸಿನ್ ಎಲ್ಲವೂ ಅಲ್ಲೇ ನುಗ್ಗುತ್ತವೆ. ಮಾಂಸದಲ್ಲಿ ಇವುಗಳದ್ದೇ ದೊಡ್ಡ ಗುಂಪು, ಟ್ರಿಪ್ಟೊಫಾನ್ ಸ್ವಲ್ಪವೇ. ಅನ್ನದಲ್ಲಿ ತುಂಬಿರುವ ಪಿಷ್ಟವಷ್ಟೇ ಇರುವ ಊಟವಾದರೆ ಇನ್ಸುಲಿನ್ ಏರಿ, ಆ ಗುಂಪನ್ನು ಸ್ನಾಯುಗಳ ಕಡೆ ಕಳಿಸುತ್ತದೆ. ಆಗ ಟ್ರಿಪ್ಟೊಫಾನ್‌ಗೆ ಬಾಗಿಲು ಬಿಡುವಾಗುತ್ತದೆ. 1971ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನ್‌ಸ್ಟ್ರಮ್ ಮತ್ತು ವರ್ಟ್‌ಮನ್ ಇಲಿಗಳಲ್ಲಿ ಇದನ್ನು ಕಂಡರು. ಪ್ರೋಟೀನ್ ಇಲ್ಲದ ಪಿಷ್ಟದ ಊಟ ತಿಂದ ಇಲಿಗಳ ಮಿದುಳಿನಲ್ಲಿ ಸಿರೊಟೋನಿನ್ ಏರಿತ್ತು.

ಟ್ರಿಪ್ಟೊಫಾನ್ ಕೊರತೆಯಾದರೆ ನೆನಪಿಗೂ ಪೆಟ್ಟು. ಇಲಿಗೆ ಎರಡು ವಸ್ತು ತೋರಿಸಿ, ಆಮೇಲೆ ಒಂದನ್ನು ಬದಲಿಸಿದರೆ ಅದು ಹೊಸದನ್ನೇ ಹೆಚ್ಚು ಮೂಸುತ್ತದೆ. ಹಳೆಯದು ನೆನಪಿರುವುದಕ್ಕೇ ಹಾಗೆ. ಟ್ರಿಪ್ಟೊಫಾನ್ ಇಲ್ಲದ ಪ್ರೋಟೀನ್ ಕುಡಿಸಿದ ಇಲಿಗಳು ಈ ಪರೀಕ್ಷೆಯಲ್ಲಿ ಹಿಂದೆ ಬಿದ್ದಿವೆ.

ನಾಯಿಗಳ ಮೇಲಿನ ಅಧ್ಯಯನ 2000ರಲ್ಲಿ ಪ್ರಕಟವಾಯಿತು. 33 ನಾಯಿಗಳು, ವರ್ತನೆಯ ಮೂರು ಬಗೆಯ ತೊಂದರೆ. ಕಡಿಮೆ ಪ್ರೋಟೀನ್ ಊಟಕ್ಕೆ ಟ್ರಿಪ್ಟೊಫಾನ್ ಸೇರಿಸಿದಾಗ ಜಾಗ ಕಾಯುವ ಸಿಟ್ಟು ತಗ್ಗಿತ್ತು. ಸಣ್ಣ ಅಧ್ಯಯನ ಇದು. ಇದನ್ನೇ ನಂಬಿ ಸುಮ್ನೆ ಮನೆಯಲ್ಲಿ ಮೊಟ್ಟೆ, ಮಾಂಸ ನಿಲ್ಲಿಸಬೇಡಿ. ಮನಸ್ಸಿನ ಮಾತ್ರೆ ನುಂಗುತ್ತಿರುವ ನಾಯಿಗೆ ನೀವಾಗಿಯೇ ಟ್ರಿಪ್ಟೊಫಾನ್ ಪುಡಿ ಹಾಕಲೇಬೇಡಿ. ಸಿರೊಟೋನಿನ್ ಮಿತಿಮೀರಿದರೆ ನಡುಕ, ಜ್ವರ ಬಂದು ಜೀವಕ್ಕೇ ಅಪಾಯ.

ನನಗೆ ಮುಖ್ಯವಾಗಿ ಕಾಣುವುದು ಮೆಕ್ಕೆಜೋಳದ ಪ್ರಯೋಗ. ಮೆಕ್ಕೆಜೋಳದಲ್ಲಿ ಟ್ರಿಪ್ಟೊಫಾನ್ ತೀರಾ ಕಡಿಮೆ. 1975ರ ಆ ಪ್ರಯೋಗದಲ್ಲಿ, ಮೆಕ್ಕೆಜೋಳವನ್ನೇ ತಿಂದು ಬೆಳೆದ ಇಲಿಗಳ ಮಿದುಳಿನಲ್ಲಿ ಸಿರೊಟೋನಿನ್ ಕುಸಿದಿತ್ತು. ನೋವೂ ಅವುಗಳಿಗೆ ಬೇಗ ತಾಗುತ್ತಿತ್ತು. ಹಾಗಾಗಿ ಸಿಟ್ಟಿನ ನಾಯಿ ಬಂದರೆ ತಟ್ಟೆಯ ಬಗ್ಗೆ ಕೇಳುತ್ತೇನೆ, ಜೊತೆಗೆ ಮೈಯನ್ನೂ ತಡವಿ ನೋಡುತ್ತೇನೆ. ಆ ಲ್ಯಾಬ್ರಡಾರ್ ಬಲಗಡೆಯ ಸೊಂಟ ಮುಟ್ಟಿದ ಕೂಡಲೇ ಕುಂಯ್ ಎಂದು ನನ್ನ ಕೈಯತ್ತ ತಿರುಗಿತು. ಮೊದಲು ಎಕ್ಸ್‌ರೇಗೆ ಬರೆದುಕೊಟ್ಟೆ.