ಮೆದುಳಿನ ರಕ್ತಸಂಚಾರದ ಸ್ಕ್ಯಾನ್‌ನಲ್ಲಿ ಖಿನ್ನತೆ ಕಾಣುತ್ತಾ?

ಪ್ರಶ್ನೆ: ನಾವು ಸಕಲೇಶಪುರದ ಕಡೆಯವರು. ಅಮ್ಮನಿಗೆ 71 ವರ್ಷ. ಈಚೆಗೆ ಊಟ ಸೇರುತ್ತಿಲ್ಲ, ಬೆಳಗಿನ ಜಾವ ಮೂರಕ್ಕೇ ಎಚ್ಚರ, ಯಾರ ಹತ್ತಿರವೂ ಮಾತಿಲ್ಲ. ಬೆಂಗಳೂರಿನಲ್ಲಿ ಮೆದುಳಿಗೆ ರಕ್ತ ಹೋಗುವುದನ್ನು ನೋಡುವ ಸ್ಕ್ಯಾನ್ ಮಾಡಿಸಿದರೆ ಖಿನ್ನತೆ ಹೌದೋ ಅಲ್ಲವೋ ಗೊತ್ತಾಗುತ್ತೆ ಅಂತಾರೆ. ಕರೆದುಕೊಂಡು ಹೋಗೋಣವೇ?

ಉತ್ತರ: ಅದೊಂದಕ್ಕೇ ಆದರೆ ಬೇಡ.

ಸ್ಕ್ಯಾನ್ ಏನೂ ಸುಳ್ಳಲ್ಲ. ಸ್ಪೆಕ್ಟ್ ಅಂತ ಒಂದಿದೆ. ಮಂದ ಬೆಳಕಿನ ಕೋಣೆಯಲ್ಲಿ ಸುಮ್ನೆ ಮಲಗಿಸಿ, ಟೆಕ್ನೀಷಿಯಂ ಎಂಬ, ಸ್ವಲ್ಪ ವಿಕಿರಣ ಸೂಸುವ ವಸ್ತು ಬೆರೆತ ಔಷಧಿಯನ್ನು ರಕ್ತನಾಳಕ್ಕೆ ಕೊಡುತ್ತಾರೆ. ಆಗ ಮಾತಾಡುವಂತಿಲ್ಲ. ಮಾತಾಡಿದರೆ ಮೆದುಳಿನ ಆ ಭಾಗಕ್ಕೇ ರಕ್ತ ಜಾಸ್ತಿ ಹೋಗಿಬಿಡುತ್ತದೆ. ಆಮೇಲೆ ಕ್ಯಾಮೆರಾ ತಲೆಯ ಸುತ್ತ ತಿರುಗಿ, ಔಷಧಿ ಎಲ್ಲೆಲ್ಲಿ ಎಷ್ಟು ಸೇರಿದೆ ಅಂತ ಚಿತ್ರ ತೆಗೆಯುತ್ತದೆ. ಚುಚ್ಚುಮದ್ದೇ ಇಲ್ಲದೆ ಎಂಆರ್‌ಐ ಯಂತ್ರದಲ್ಲೇ ನೋಡುವ ಎಎಸ್‌ಎಲ್ ಎಂಬ ವಿಧಾನವೂ ಇದೆ.

ಇಳಿವಯಸ್ಸಿನ ಖಿನ್ನತೆಯಲ್ಲಿ ಹಣೆಯ ಹಿಂದಿನ ಭಾಗಕ್ಕೆ ರಕ್ತ ಕಮ್ಮಿ ಹೋಗುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಅದು ಗುಂಪಿನ ಸರಾಸರಿ. ಒಬ್ಬರ ಚಿತ್ರ ಹಿಡಿದು ‘ಇವರಿಗೆ ಖಿನ್ನತೆ’ ಅನ್ನಲು ಬರುವುದಿಲ್ಲ. ವಯಸ್ಸಾದಂತೆ ರಕ್ತಸಂಚಾರ ಹೇಗೂ ತಗ್ಗುತ್ತದೆ. ಮರೆವಿನ ಕಾಯಿಲೆ, ಸಣ್ಣ ಪಾರ್ಶ್ವವಾಯುವಿನಲ್ಲೂ ತಗ್ಗುತ್ತದೆ. ಅಷ್ಟೇಕೆ, ಒಂದು ಲೋಟ ಕಾಫಿ ಕುಡಿದರೂ ಕೆಲ ಹೊತ್ತು ತಗ್ಗುತ್ತದೆ! ಸ್ಕ್ಯಾನ್‌ಗೆ ಮೊದಲು ಕಾಫಿ ಬೇಡ ಅನ್ನುವುದು ಅದಕ್ಕೇ. ನಮ್ಮ ಮಲೆನಾಡಿನವರಿಗೆ ಇದೇ ದೊಡ್ಡ ಕಷ್ಟ.

ಇನ್ನೊಂದು ತೊಡಕಿದೆ. ತೋಟಕ್ಕೆ ಆಳುಗಳ ಜೀಪು ಬರಲಿಲ್ಲ ಅಂತ ಕೆಲಸ ನಿಂತಿತೋ, ಕೆಲಸವೇ ಇಲ್ಲ ಅಂತ ಜೀಪು ಬರಲಿಲ್ಲವೋ? ರಕ್ತದ ಕಥೆಯೂ ಹಾಗೇ. ಕೆಲಸ ಕಮ್ಮಿಯಾದ ಭಾಗ ರಕ್ತವನ್ನೂ ಕಮ್ಮಿ ಕೇಳುತ್ತದೆ.

ಆದರೂ ಈ ಸಂಶೋಧನೆಯಿಂದ ನಮಗೆ ಉಪಯೋಗವಿದೆ. ಬಿಪಿ, ಸಕ್ಕರೆ ಕಾಯಿಲೆಯಿಂದ ಮೆದುಳಿನ ಸಣ್ಣ ರಕ್ತನಾಳಗಳು ಹಾಳಾದರೆ ಕೆಲವರಿಗೆ ಇಳಿವಯಸ್ಸಿನಲ್ಲಿ ಖಿನ್ನತೆ ಬರಬಹುದು ಎಂಬ ವಾದವನ್ನು 1997ರಲ್ಲಿ ಅಮೆರಿಕದ ಮನೋವೈದ್ಯ ಜಾರ್ಜ್ ಅಲೆಕ್ಸೊಪೌಲೋಸ್ ಮತ್ತವರ ಜೊತೆಗಾರರು ಮುಂದಿಟ್ಟರು. ಅಮ್ಮನ ಬಿಪಿ ಮಾತ್ರೆ ತಪ್ಪುತ್ತಿದೆಯಾ ನೋಡಿ. ಎಷ್ಟೋ ಮನೆಗಳಲ್ಲಿ ಡಬ್ಬಿ ತುಂಬಿಯೇ ಇರುತ್ತದೆ.

ಮೊದಲು ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಖಿನ್ನತೆ ಗೊತ್ತಾಗುವುದು ಮಾತಾಡಿಸಿ, ಪ್ರಶ್ನೆ ಕೇಳಿಯೇ. ಹಿರಿಯರಿಗಾಗಿಯೇ ಮಾಡಿದ 15 ಪ್ರಶ್ನೆಗಳ ಪಟ್ಟಿಯೂ ಇದೆ. ಜೊತೆಗೆ ಥೈರಾಯ್ಡ್, ಬಿ12, ಸೋಡಿಯಂ ರಕ್ತಪರೀಕ್ಷೆ ಸಾಮಾನ್ಯ. ಕಿವಿ ಮಂದವಾಗಿದೆಯಾ ಅಂತಲೂ ನೋಡಿಸಿ. ಕೇಳಿಸದಿದ್ದರೂ ಮಾತು ಕಮ್ಮಿಯಾಗುತ್ತೆ, ಅಲ್ವಾ? ಔಷಧಿ ಶುರುವಾದರೆ ಗುಣ ಕಾಣಲು ಕೆಲವು ವಾರ ಬೇಕು. ನಡುವೆ ನೀವೇ ನಿಲ್ಲಿಸಬೇಡಿ.

ತಲೆಗೆ ಪೆಟ್ಟು ಬಿದ್ದಿದ್ದರೆ, ನಡಿಗೆ ತಪ್ಪುತ್ತಿದ್ದರೆ, ಮರೆವು ಬೇಗ ಬೇಗ ಹೆಚ್ಚುತ್ತಿದ್ದರೆ ವೈದ್ಯರೇ ಸಿಟಿ ಅಥವಾ ಎಂಆರ್‌ಐ ಬರೆಯುತ್ತಾರೆ. ಕೈಕಾಲು ಒಮ್ಮೆಲೇ ಸೋತರೆ ಗಂಟೆಯೂ ತಡ ಮಾಡಬಾರದು. ‘ಇನ್ನು ಬದುಕಿ ಏನಾಗಬೇಕು’ ಅನ್ನುವ ಮಾತು ಬಂದರೆ ವಯಸ್ಸಿನ ಗೊಣಗಾಟ ಅಂದುಕೊಳ್ಳದೆ ಅವತ್ತೇ ಆಸ್ಪತ್ರೆಗೆ ಹೊರಡಿ. ರಾತ್ರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಅಮ್ಮನನ್ನು ಒಂಟಿಯಾಗಿ ಬಿಡಬೇಡಿ.